ನಡುವಿನ ಗುಂಡಿ

ಚೌಕಟ್ಟಿನ ಒಡೆದ ಗಾಜು ಬದಲಾಯಿಸಿ ಕೊಡಲು ಫೋಟೋ ಕಟ್ಟಿನಂಗಡಿಯವರು ನಾಲ್ಕು ದಿನ ತೆಗೆದುಕೊಂಡರು. ಒಂದು ಗಾಜಿಗೆ ನಾಲ್ಕು ದಿನ ಯಾಕೆ ಬೇಕಿತ್ತೆಂಬ ಯೋಚನೆ ನನಗೆ ಬಂದದ್ದು ಚೌಕಟ್ಟು ಮತ್ತೆ ನಮ್ಮ ಗೋಡೆಯೇರಿದ ಮೇಲೆ.

ಅದರೊಳಗೆ ಅಪ್ಪ ಕೂಡಿಟ್ಟ ಹದಿಮೂರು ಗುಂಡಿಗಳಿವೆ. ಅಪ್ಪ ದರ್ಜಿ. ಹಳೆಯ ಸೈನಿಕರ ಕೋಟುಗಳು ಚಿಂದಿಯಾಗಿ ಅಂಗಡಿಗೆ ಬಂದರೆ ಬಟ್ಟೆ ಯಾರಿಗೋ, ಗುಂಡಿ ಅಪ್ಪನಿಗೆ. ಹಸಿರು ಮಖಮಲ್ಲಿನ ಮೇಲೆ ಸುತ್ತ ಹನ್ನೆರಡು, ನಡುವೆ ಒಂದು. ಆ ನಡುವಿನದು ಕುದುರೆ ದಳದ ಅಧಿಕಾರಿಯೊಬ್ಬನ ಕೋಟಿನದು, ನೂರೈವತ್ತು ವರ್ಷ ಹಳೆಯದು. ಚಿನ್ನದ ನೀರು ಕೊಟ್ಟ ಹಿತ್ತಾಳೆ, ಮೇಲೆ ಕತ್ತು ಬಗ್ಗಿಸಿದ ಕುದುರೆ. "ಮುಟ್ಟಿ, ಮೂಸಿ, ಬೇಕಾದ್ರೆ ಕಚ್ಚಿ. ಉಜ್ಜಬೇಡಿ ಅಷ್ಟೇ," ಎನ್ನುತ್ತಿದ್ದರು ಅಪ್ಪ. ಹಳೆಯ ಗುಂಡಿಯನ್ನು ಉಜ್ಜಿ ಹೊಳೆಸುವವನನ್ನು ಅವರು ಮನುಷ್ಯರ ಲೆಕ್ಕಕ್ಕೇ ಸೇರಿಸುತ್ತಿರಲಿಲ್ಲ.

ನಾನು ಅಚ್ಚುಕೂಟದಲ್ಲಿ ಕರಡು ತಿದ್ದುವವನು. ತಪ್ಪು ಹುಡುಕುವುದೇ ನನ್ನ ಹೊಟ್ಟೆಪಾಡು. ಒಂದು ದಿನ ಊಟಕ್ಕೆ ಕೂತಾಗ ನಡುವಿನ ಗುಂಡಿ ತುಸು ಕುಗ್ಗಿದಂತೆ ಕಂಡಿತು. ಅಪ್ಪನ ಹಳೆಯ ನೋಟ್‌ಬುಕ್ಕಿನಲ್ಲಿ ಪ್ರತಿ ಗುಂಡಿಯ ಅಳತೆಯಿದೆ. ನಡುವಿನದು ಇಪ್ಪತ್ತೈದು ಮಿಲಿಮೀಟರು. ಗಾಜಿನ ಮೇಲೆ ಅಳತೆಪಟ್ಟಿ ಇಟ್ಟೆ. ಇಪ್ಪತ್ನಾಲ್ಕೂವರೆ ದಾಟಲಿಲ್ಲ.

ಅಸಲಿ ಗುಂಡಿಯಿಂದ ಅಚ್ಚು ತೆಗೆದು ಎರಕ ಹೊಯ್ದರೆ ಲೋಹ ಆರುವಾಗ ಚೂರು ಕುಗ್ಗುತ್ತದೆ. ನಕಲು ಸಿಕ್ಕಿಬೀಳುವುದೇ ಹೀಗೆ. ಇದನ್ನು ಹೇಳಿಕೊಟ್ಟವರೂ ಅಪ್ಪನೇ.

ಇದು ಬರೀ ಗುಂಡಿಯ ಮಾತಾಗಿದ್ದರೆ ಹೊಟ್ಟೆಯಲ್ಲಿಟ್ಟುಕೊಳ್ಳುತ್ತಿದ್ದೆನೇನೋ. ಆದರೆ ಅಕ್ಕ ಆ ಕಟ್ಟಿನಂಗಡಿಯವರನ್ನೇ ಮದುವೆಯಾಗಲು ಹೊರಟಿದ್ದಳು. ಅಪ್ಪ ತೀರಿಕೊಂಡ ಮೇಲೆ ಅವರ ಹೊಲಿಗೆ ಯಂತ್ರದ ಮುಂದೆ ಹದಿನೆಂಟು ವರ್ಷ ಕೂತು ನನ್ನನ್ನು ಓದಿಸಿದವಳು. ಈಗ ನಲವತ್ತನಾಲ್ಕರಲ್ಲಿ ಮೊದಲ ಸಲ ತನಗಾಗಿ ಒಂದು ಒಳ್ಳೆಯ ಬಟ್ಟೆ ಹೊಲಿದುಕೊಳ್ಳುತ್ತಿದ್ದಳು. ನೋಂದಣಿಯ ದಿನ ಗೊತ್ತುಮಾಡಲು ಅವರು ಭಾನುವಾರ ಸಂಜೆ ಮನೆಗೆ ಬರುವವರಿದ್ದರು.

ಶುಕ್ರವಾರ ಅವರ ಅಂಗಡಿಗೆ ಹೋದೆ. ಬೀದಿಯವರೆಲ್ಲ ಅವರನ್ನು ಗಾಜಣ್ಣ ಎಂದೇ ಕರೆಯುವುದು. ಅವರು ಗಾಜು ಕೊಯ್ಯುತ್ತಿದ್ದರು.

"ಗಾಜಣ್ಣ, ನಡುವಿನ ಗುಂಡಿ ತೆಗೆದಿದ್ರಾ?"

ಕೊಯ್ಯುವ ಮೊನೆ ಅರ್ಧದಾರಿಯಲ್ಲಿ ನಿಂತಿತು. ನಡುವೆ ನಿಲ್ಲಿಸಿದರೆ ಗಾಜು ಕೆಡುತ್ತದೆಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು.

"ಗಾಜು ಮಾತ್ರ ಬದಲಾಯಿಸಿದ್ದು. ಯಾಕೆ?"

"ಸುಮ್ನೆ ಕೇಳಿದೆ."

"ಸುಮ್ನೆ ಕೇಳೋರು ಜೇಬಲ್ಲಿ ಅಳತೆಪಟ್ಟಿ ಇಟ್ಕೊಂಡು ಬರಲ್ಲಪ್ಪ," ಎಂದರು ನಗದೆ. ನಾನು ಹೊರಟಾಗ ಅವರ ಕೈ ಮೇಜಿನ ಡ್ರಾಯರಿನ ಬೀಗವನ್ನು ಒಮ್ಮೆ ಎಳೆದು ನೋಡಿತು. ಕನ್ನಡಿಗಳ ಅಂಗಡಿ ಅದು. ಬೆನ್ನು ತಿರುಗಿಸಿದವನಿಗೂ ಎಲ್ಲ ಕಾಣುತ್ತದೆ.

"ಅವರ ಬಗ್ಗೆ ನಿಂಗೆ ಎಷ್ಟು ಗೊತ್ತಕ್ಕ?" ಎಂದು ಮನೆಗೆ ಬಂದು ಕೇಳಿದೆ.

ಅಕ್ಕ ಬಾಯಲ್ಲಿದ್ದ ಗುಂಡುಸೂಜಿ ತೆಗೆದಳು. "ನಿನ್ನ ಬಗ್ಗೆ ಗೊತ್ತಿರೋಷ್ಟು. ಅಂದ್ರೆ ಏನೂ ಇಲ್ಲ. ವಾರದಿಂದ ಮುಖ ಗಂಟು ಹಾಕ್ಕೊಂಡು ಓಡಾಡ್ತಿದೀಯ. ಹೇಳೋದಿದ್ರೆ ಅವರು ಬರೋದ್ರೊಳಗೆ ಹೇಳು. ಕದ್ದುಮುಚ್ಚಿ ಮಾಡೋರ ಜೊತೆ ಏಗೋ ವಯಸ್ಸಲ್ಲ ನಂದು."

ನನ್ನ ಒಂದು ಮಾತಿಗೆ ಆ ಬಟ್ಟೆ ಅರ್ಧ ಹೊಲಿಗೆಯಲ್ಲೇ ನಿಲ್ಲುತ್ತಿತ್ತು. ಆ ಮಾತಿಗೆ ಪುರಾವೆ ಬೇಕಿತ್ತು.

ಭಾನುವಾರ ಮಧ್ಯಾಹ್ನ ಅಕ್ಕ ಗಿರಾಕಿಗಳ ಬಟ್ಟೆ ಕೊಡಲು ಹೋದಾಗ ಚೌಕಟ್ಟನ್ನು ಇಳಿಸಿ ಮೇಜಿನ ಮೇಲೆ ಬೋರಲು ಹಾಕಿದೆ. ಹಿಂಬದಿಗೆ ಗಾಜಣ್ಣ ಹೊಸದಾಗಿ ಅಂಟಿಸಿದ್ದ ಕಂದು ಕಾಗದವನ್ನು ಮೆಲ್ಲಗೆ ಎಬ್ಬಿಸಬೇಕೆಂದುಕೊಂಡಿದ್ದೆ. ಉದ್ದಕ್ಕೂ ಹರಿಯಿತು. ಮೊಳೆ ಕಿತ್ತು ಹಲಗೆ ತೆಗೆದರೆ ಹದಿಮೂರು ಗಂಟುಗಳು, ಮೇಣ ಸವರಿದ ದಾರದವು. ನಡುವಿನದನ್ನು ಕತ್ತರಿಸಿ ಗುಂಡಿಯನ್ನು ಅಂಗೈಗೆ ಹಾಕಿಕೊಂಡೆ.

ಹನ್ನೆರಡನೇ ವಯಸ್ಸಿನಲ್ಲಿ ಅದರ ಬೆನ್ನಿನ ಮೇಲೆ ತಯಾರಕನ ಹೆಸರನ್ನು ಭೂತಗನ್ನಡಿ ಹಿಡಿದು ಓದಿದ್ದೆ. ಕೊನೆಯ ಅಕ್ಷರ ಅರ್ಧವೇ ಮೂಡಿತ್ತು. ನಾನು ಕಂಡುಹಿಡಿದ ಮೊದಲ ಅಚ್ಚಿನ ತಪ್ಪು. ಈಗ ಬೆನ್ನು ಬೋಳು. ಅಂಚಿನಲ್ಲಿ ಎರಕದ ಗೆರೆ.

ಆಗ ನನಗಾದದ್ದು ದುಃಖವಲ್ಲ, ಸಂತೋಷ. ನಾನು ಅದನ್ನು ಮರೆಮಾಚುವುದಿಲ್ಲ. ಅಕ್ಕ ಬಂದೊಡನೆ ಆಡಬೇಕಾದ ಮಾತುಗಳನ್ನು ಆಗಲೇ ಜೋಡಿಸುತ್ತಿದ್ದೆ.

ಅಷ್ಟರಲ್ಲಿ ಕಣ್ಣು ಮಖಮಲ್ಲಿನ ಮೇಲೆ ಬಿತ್ತು. ವರ್ಷಗಟ್ಟಲೆ ಬೆಳಕು ತಿಂದು ಅದು ಎಲ್ಲ ಕಡೆ ಬಣ್ಣ ಬಿಟ್ಟಿತ್ತು. ಗುಂಡಿ ಕೂತಿದ್ದ ಜಾಗ ಮಾತ್ರ ಇನ್ನೂ ಕಡುಹಸಿರು, ದುಂಡಗೆ. ಇಷ್ಟು ವರ್ಷ ಅಲ್ಲಿ ಅಸಲಿ ಕೂತಿದ್ದರೆ ಆ ದುಂಡು ಇಪ್ಪತ್ತೈದು ಇರಬೇಕು. ಅಳೆದೆ. ಮತ್ತೊಮ್ಮೆ ಅಳೆದೆ. ಇಪ್ಪತ್ನಾಲ್ಕೂವರೆ.

ನಕಲು ನಾಲ್ಕು ದಿನದ್ದಲ್ಲ. ಮಖಮಲ್ಲಿಗೆ ಬಣ್ಣವಿದ್ದ ಕಾಲದಿಂದ, ಅಪ್ಪ ಬದುಕಿದ್ದಾಗಿನಿಂದ ಅದು ಅಲ್ಲೇ ಇತ್ತು.

ಹಲಗೆ ಮುಚ್ಚುವಷ್ಟರಲ್ಲಿ ಬಾಗಿಲು ತೆರೆಯಿತು. ಅಕ್ಕ, ಹಿಂದೆಯೇ ಗಾಜಣ್ಣ.

"ಇದ್ಯಾಕೆ ಹರಿದಿದೆ?" ಎಂದಳು ಅಕ್ಕ.

ಗಾಜಣ್ಣ ಮೇಜನ್ನು ನೋಡಿದರು, ನನ್ನನ್ನು ನೋಡಿದರು. "ನಾನೇ ಹೇಳಿದ್ದೆ ಅವನಿಗೆ. ಅಂಟು ಸರಿಯಾಗಿ ಕೂತಿಲ್ಲ, ಬಿಚ್ಚಿಡು ಅಂತ."

ಒಂದಿಷ್ಟೂ ತಡವರಿಸಲಿಲ್ಲ. ಇಷ್ಟು ನಯವಾಗಿ ಸುಳ್ಳು ಬರುವವರಿಗೆ ಇನ್ನೇನು ಬಾರದು ಎಂದು ನನ್ನ ಅನುಮಾನ ಮತ್ತೆ ತಲೆಯೆತ್ತಿತು. ಆದರೆ ಆ ಸುಳ್ಳು ನನ್ನನ್ನು ಉಳಿಸಲು ಹೇಳಿದ್ದು. ಅದನ್ನು ನುಂಗಿ ಸುಮ್ಮನಿದ್ದರೆ ಅಕ್ಕನಿಂದ ಮುಚ್ಚಿಡುವವರು ಇಬ್ಬರಾಗುತ್ತಿದ್ದೆವು.

"ಇಲ್ಲಕ್ಕ, ಹರಿದಿದ್ದು ನಾನು. ನಡುವಿನ ಗುಂಡಿ ಇವರು ಬದಲಾಯಿಸಿದಾರೆ ಅಂದ್ಕೊಂಡೆ. ಗುಂಡಿ ನಕಲೇ. ಆದ್ರೆ ಅಪ್ಪನ ಕಾಲದಿಂದ್ಲೂ ನಕಲೇ ಇದ್ದದ್ದು."

ಅಕ್ಕ ಕತ್ತರಿಸಿದ ದಾರವನ್ನು ಎತ್ತಿ ಬೆಳಕಿಗೆ ಹಿಡಿದಳು. "ಅಪ್ಪನ ಗಂಟು," ಎಂದಳು.

ಗಾಜಣ್ಣ ಜೇಬಿನಿಂದ ಬೆಂಕಿಪೊಟ್ಟಣ ತೆಗೆದು ಮೇಜಿನ ಮೇಲಿಟ್ಟರು. ಒಳಗೆ ಒಂದು ಗುಂಡಿ. ಮುಖ ನುಣ್ಣಗೆ, ಕುದುರೆಯ ಸುಳಿವೇ ಇಲ್ಲ. ತಿರುಗಿಸಿದೆ. ಬೆನ್ನಿನ ಮೇಲೆ ಹೆಸರು, ಕೊನೆಯ ಅಕ್ಷರ ಅರ್ಧ.

"ಇವತ್ತು ಹೇಳ್ಬಿಡೋಣ ಅಂತ್ಲೇ ತಂದೆ," ಎಂದರು. "ನಿಮ್ಮಪ್ಪನೇ ಮಾಡಿದ್ದು. ಕಟ್ಟು ಹಾಕ್ಸೋ ಮುಂಚೆ ಸ್ವಲ್ಪ ಹೊಳಪು ಬರ್ಲಿ ಅಂತ ನನ್ನ ಪಾಲಿಶ್ ಚಕ್ರಕ್ಕೆ ಹಿಡಿದ್ರು. ಒಂದೇ ಒಂದು ಸಲ. ಕುದುರೆ ಓಡ್ಹೋಯ್ತು. ಆಮೇಲೆ ಅವರ ಸ್ನೇಹಿತರ ಹತ್ರ ಇದ್ದ ಜೋಡಿ ಗುಂಡಿಯಿಂದ ಎರಕ ಹೊಯ್ಸಿದ್ರು. ಮಕ್ಕಳಿಗೆ ಹೇಳ್ಬೇಡ, ಮುಖ ತೋರ್ಸಕ್ಕಾಗಲ್ಲ ಅಂದ್ರು. ಗಾಜು ಒಡೆದು ಚೌಕಟ್ಟು ನನ್ನ ಕೈಗೆ ಬಂದಾಗ ಹೇಳ್ಲೋ ಬೇಡ್ವೋ ಅಂತ್ಲೇ ನಾಲ್ಕು ದಿನ ಕಳೆದೆ."

ಅಕ್ಕ ನಕ್ಕಳು. "ಉಜ್ಜಬೇಡಿ, ಉಜ್ಜಬೇಡಿ ಅಂತ ನಮ್ಮ ಜೀವ ತಿಂದೋರು!" ಆಮೇಲೆ ನಗು ನಿಂತಿತು. "ನಂಗೂ ಹೇಳ್ಲಿಲ್ವಲ್ಲ ನೀವು."

"ಮಾತು ಕೊಟ್ಟಿದ್ದೆ."

"ಇಪ್ಪತ್ತು ವರ್ಷ ಎಲ್ಲಿಟ್ಟಿದ್ರಿ ಇದನ್ನ?"

"ಅಂಗಡಿ ಡ್ರಾಯರಲ್ಲಿ."

"ಬೀಗ ಹಾಕಿ."

"ಹೂಂ."

"ಇನ್ನೇನೇನಿದೆ ಅದರಲ್ಲಿ?"

ವಾರದಿಂದ ನನ್ನ ಬೆನ್ನ ಮೇಲಿದ್ದ ಅನುಮಾನ ಇಳಿದು ಅಕ್ಕನ ಹೆಗಲೇರಿದ್ದನ್ನು ನಾನು ಕಣ್ಣಾರೆ ಕಂಡೆ. ಗಾಜಣ್ಣನಿಗೂ ಕಂಡಿತು. ಅವರು ಗೊಂಚಲಿನಿಂದ ಒಂದು ಚಿಕ್ಕ ಕೀಲಿ ಬಿಡಿಸಿ ಅವಳ ಮುಂದಿಟ್ಟರು. ಅಕ್ಕ ಒಂದು ಬೆರಳಿನಿಂದ ಕೀಲಿಯನ್ನು ಅವರ ಕಡೆಗೇ ತಳ್ಳಿದಳು.

"ಡ್ರಾಯರ್ ಮುಚ್ಚೇ ಇರ್ಲಿ. ಬೀಗ ಬೇಡ."

"ಆಯ್ತು."

"ನೀನು ಆ ಅಳತೆಪಟ್ಟಿ ಕೊಡಿಲ್ಲಿ," ಎಂದು ನನ್ನತ್ತ ಕೈಚಾಚಿದಳು. "ಕಾಮಾಲೆ ಕಣ್ಣಿಗೆ ಅಳತೆಪಟ್ಟಿ ಬೇರೆ ಕೇಡು."

ಕೊಟ್ಟೆ. ಅವಳು ದಾರಕ್ಕೆ ಮೇಣ ಸವರಿ ನುಣುಪು ಗುಂಡಿಯನ್ನು ನಡುವೆ ಕೂರಿಸಿ ಅಪ್ಪನದೇ ಗಂಟು ಹಾಕಿದಳು. ಅರ್ಧ ಮಿಲಿಮೀಟರು ದೊಡ್ಡದಲ್ಲವೇ, ಕಡುಹಸಿರು ಒಂದಿಷ್ಟೂ ಹೊರಗೆ ಕಾಣಲಿಲ್ಲ.

"ಹಿಂದೆ ಕಾಗದ ಅಂಟಿಸ್ಲಾ?" ಎಂದರು ಗಾಜಣ್ಣ.

"ನಾಳೆ ಅಂಟಿಸಿ," ಎಂದಳು ಅಕ್ಕ, ನೋಂದಣಿಗೆ ದಿನ ನೋಡಲು ಗೋಡೆಯಿಂದ ಕ್ಯಾಲೆಂಡರು ಇಳಿಸುತ್ತ. "ಇವತ್ತೊಂದಿನ ತೆಗೆದೇ ಇರ್ಲಿ."