ಒಳಜೇಬಿನ ಪೆಪ್ಪರ್‌ಮಿಂಟು

ಹೊಲಿದು ಮುಗಿದ ಕೋಟುಗಳ ಜೇಬು ಪರೀಕ್ಷಿಸಲು ಗುಂಡಿಯಮ್ಮನ ಬಳಿ ಒಂದು ಗೋಲಿಯಿತ್ತು. ಗೋಲಿಯನ್ನು ಜೇಬಿಗೆ ಹಾಕಿ ಕೋಟನ್ನು ಒದರಬೇಕು. ಮೂಲೆಯಲ್ಲಿ ಹೊಲಿಗೆ ಬಿಟ್ಟಿದ್ದರೆ ಅದು ನುಸುಳಿ ಒಳಪದರದ ಅಸ್ತರಿನೊಳಗೆ ಇಳಿದುಬಿಡುತ್ತದೆ. ಮೊದಲು ಆಕೆ ಗುಂಡಿ ಹಚ್ಚುತ್ತಿದ್ದಳು, ಅಡ್ಡಹೆಸರು ಬಂದದ್ದು ಅದರಿಂದಲೇ. ಕಣ್ಣಿನ ಪೊರೆ ತೆಗೆಸಿದ ಮೇಲೂ ಸೂಜಿಯ ಕಣ್ಣು ಕಾಣದಾದಾಗ, ಹೊಲಿಗೆ ಅಂಗಡಿಯ ಮೇಸ್ತ್ರಿ ಆಕೆಯನ್ನು ಮನೆಗೆ ಕಳಿಸಲಾರದೆ ಜೇಬಿನ ಕೆಲಸಕ್ಕೆ ಕೂರಿಸಿದ. "ಇದೂ ಕೆಟ್ಟಿತು ಅಂದ್ರೆ ನನ್ನ ಹತ್ರ ಬೇರೆ ಕೆಲಸ ಇಲ್ಲಮ್ಮ," ಎಂದಿದ್ದ. ಅವನು ಅದನ್ನು ಗದರಿ ಹೇಳಿರಲಿಲ್ಲ. ಅದಕ್ಕೇ ಆಕೆಗೆ ಹೆಚ್ಚು ಭಯ.

ಗಾಯಕರ ತಂಡವೊಂದಕ್ಕೆ ಕೆನೆಬಣ್ಣದ ಕೋಟುಗಳು ಸಿದ್ಧವಾಗುತ್ತಿದ್ದಾಗಲೇ ಗೋಲಿ ಉರುಳಿ ನೆಲದ ಹಲಗೆಗಳ ಸಂದಿಗೆ ಬಿತ್ತು. ಮನೆಯಲ್ಲಿ ನಾದಿನಿ ವಿದೇಶದಿಂದ ತಂದ ಪೆಪ್ಪರ್‌ಮಿಂಟಿನ ಡಬ್ಬಿ ಬಿದ್ದಿತ್ತು. ಗೋಲಿಯಷ್ಟೇ ಗಾತ್ರ, ಹಸಿರು ಬಣ್ಣ, ಮೇಣದ ಕಾಗದ, ಬಾಯಿಗಿಟ್ಟರೆ ನೆತ್ತಿಯವರೆಗೆ ಏರುವ ಘಾಟು. "ಅತ್ತೆ, ಇದು ತಿನ್ನೋದಾ, ಮಂಡಿಗೆ ಹಚ್ಚೋದಾ?" ಎಂದು ಸೊಸೆ ಉಗುಳಿ ಬಂದಿದ್ದಳು.

ಗುಂಡಿಯಮ್ಮ ಡಬ್ಬಿಯನ್ನು ಅಂಗಡಿಗೆ ತಂದಳು. ಗೋಲಿಗಿಂತ ಇದೇ ವಾಸಿ ಎನಿಸಿತು. ಒದರಿದರೆ ಕಾಗದ ಚರಪರ ಎನ್ನುತ್ತಿತ್ತು. ಮಿಠಾಯಿ ಜೇಬಿನಲ್ಲೇ ಇದೆಯೋ ಕೆಳಗಿಳಿಯಿತೋ ಎಂಬುದು ಕಿವಿಗೇ ತಿಳಿಯುತ್ತಿತ್ತು. ಡಬ್ಬಿ ತುಂಬ ಇದ್ದುದರಿಂದ ಒಂದೊಂದು ಕೋಟಿನಲ್ಲೂ ಒಂದೊಂದು ಹಾಕಿ, ಎಲ್ಲ ಜೇಬುಗಳನ್ನೂ ನೋಡಿ, ಕೊನೆಗೆ ಒಳಜೇಬಿನಲ್ಲೇ ಬಿಟ್ಟಳು. ಪೆಟ್ಟಿಗೆಗೆ ತುಂಬುವಾಗ ಒಟ್ಟಿಗೆ ತೆಗೆದರಾಯಿತು ಎಂದುಕೊಂಡಿದ್ದಳು.

ಊಟದ ಡಬ್ಬಿ ತೊಳೆದು ಬರುವಷ್ಟರಲ್ಲಿ ಮೇಜು ಖಾಲಿ.

"ಕೋಟೆಲ್ಲ ಎಲ್ಲಯ್ಯಾ?"

"ವ್ಯಾನ್ ಬೇಗ ಬಂತು, ತುಂಬಿ ಕಳಿಸ್ದೆ. ಸಂಜೇನೇ ಹಾಡ್ತಾರಂತಲ್ಲ," ಎಂದ ಇಸ್ತ್ರಿಯವನು.

ಆಕೆ ಒಳಜೇಬಿನ ಮಿಠಾಯಿಗಳ ವಿಷಯ ಹೇಳಿದಳು. ಕೇಳಿ ಅವನು ಇಸ್ತ್ರಿಪೆಟ್ಟಿಗೆ ಬದಿಗಿಟ್ಟ. "ಸಕ್ಕರೆ ಪಾಕ ಕಣಮ್ಮ ಅದು! ದೀಪದ ಬಿಸಿ, ಮೈಬೆವರು... ಕೆನೆಬಣ್ಣದ ಮೇಲೆ ಹಸಿರು ಮಚ್ಚೆ!"

"ಧೈರ್ಯ ಹೇಳು ಅಂದ್ರೆ ಹೊಟ್ಟೇಲಿ ಬೆಂಕಿ ಹಾಕ್ತೀಯಲ್ಲ!"

"ಮೇಸ್ತ್ರಿಗೆ ಗೊತ್ತಾದ್ರೆ?"

"ನಾನೇ ಹೇಳ್ತೀನಿ. ಮೊದ್ಲು ಕೋಟು ಉಳೀಲಿ. ನಡಿ."

ಊರಿನ ಆ ತುದಿಯ ಸಭಾಂಗಣಕ್ಕೆ ಬಸ್ಸು ಬದಲಿಸಿ ಓಡಿ ಬರುವಷ್ಟರಲ್ಲಿ ಸಂಜೆಯಾಗಿ ಹಾಡು ಶುರುವಾಗಿಬಿಟ್ಟಿತ್ತು. ಇಬ್ಬರೂ ಹಿಂದಿನ ಗೋಡೆಗೆ ಒರಗಿ ನಿಂತರು. ಗುಂಡಿಯಮ್ಮನಿಗೆ ವೇದಿಕೆ ಕೆನೆಬಣ್ಣದ ಮಬ್ಬಾಗಿ ಕಾಣುತ್ತಿತ್ತು. ಆಕೆ ಹಾಡು ಕೇಳಲಿಲ್ಲ; ಗಾಯಕರು ಉಸಿರೆಳೆದುಕೊಳ್ಳುವ ನಡುವೆ ಕಾಗದದ ಸದ್ದಿಗಾಗಿ ಕಿವಿಗೊಟ್ಟಳು. ಸದ್ದೇ ಇಲ್ಲ. ಅಷ್ಟು ದೂರಕ್ಕೆ ಆ ಸದ್ದು ಕೇಳಿಸೀತೇ ಎಂದು ಯೋಚಿಸುವಷ್ಟು ತಾಳ್ಮೆ ಆಗ ಯಾರಿಗಿತ್ತು? ಪಾಕ ಕರಗಿ ಕಾಗದ ಬಟ್ಟೆಗೆ ಅಂಟಿದೆ, ಅದಕ್ಕೇ ಸದ್ದಿಲ್ಲ ಎಂದು ತೀರ್ಮಾನಿಸಿದಳು.

ಕಾರ್ಯಕ್ರಮ ಮುಗಿದು ಮುಖ್ಯ ಗಾಯಕ ಹೊರಬಂದಾಗ ಆಕೆ ಅಡ್ಡ ನಿಂತಳು. "ಸ್ವಾಮಿ, ತಪ್ಪು ನಂದು, ಅಂಗಡಿಯವರದಲ್ಲ. ಒಳಜೇಬು ಒಂದ್ಸಲ ತೋರಿಸಿ."

ಅವನು ಕೋಟು ಬಿಚ್ಚಿ ಹಿಡಿದ. ಗುಂಡಿಯಮ್ಮ ಬೆರಳಾಡಿಸಿದಳು. ಅಸ್ತರು ಒಣಗಿಯೇ ಇತ್ತು. ಕೈಗೆ ಸಿಕ್ಕಿದ್ದು ನೀಟಾಗಿ ಮಡಿಸಿದ ಬರೀ ಕಾಗದ.

"ಓ, ಇಟ್ಟಿದ್ದು ನೀವಾ? ಬೆಳಗ್ಗಿಂದ ಗಂಟಲು ಕಟ್ಟಿತ್ತಮ್ಮ. ಇದನ್ನ ಬಾಯಿಗೆ ಹಾಕ್ಕೊಂಡೆ ನೋಡಿ, ಕಿಟಕಿ ತೆಗೆದ ಹಾಗಾಯ್ತು! ಕೋಟಿನ ಜೊತೆ ಕೊಡೋ ಉಡುಗೊರೆ ಅಂತ ಎಲ್ರೂ ತಿಂದ್ವಿ. ಇನ್ನೂ ಇದೆಯಾ?"

ಗುಂಡಿಯಮ್ಮ ಪಕ್ಕದ ಕುರ್ಚಿಯಲ್ಲಿ ಕೂತಳು. ನಗು, ಅಳು ಎರಡೂ ಒಟ್ಟಿಗೇ ಬಂದವು. ಆ ಮಿಠಾಯಿಯಲ್ಲಿನ ಪುದೀನದ ಸತ್ವ ಗಂಟಲನ್ನು ವಾಸಿ ಮಾಡುವುದಿಲ್ಲ; ತಂಪನ್ನು ಅರಿಯುವ ನರಗಳನ್ನು ತಟ್ಟಿ, ಉಸಿರು ಸಲೀಸಾಯಿತು ಎಂಬ ಭಾವನೆ ಹುಟ್ಟಿಸುತ್ತದೆ. ಹಾಡುವವನಿಗೆ ಅಷ್ಟು ಸಾಕಿತ್ತು.

ಮರುದಿನ ಆಕೆ ಮೇಸ್ತ್ರಿಗೆ ಎಲ್ಲವನ್ನೂ ಹೇಳಿದಳು. ಅವನು ಹುಬ್ಬು ಗಂಟಿಕ್ಕಿ ಕೇಳುತ್ತಿರುವಾಗಲೇ ಒಬ್ಬ ಮೇಷ್ಟ್ರು ಒಳಗೆ ಇಣುಕಿ, "ನಿನ್ನೆ ಗಾಯಕರು ಎಲ್ರಿಗೂ ಹೇಳ್ತಿದ್ರು, ಹಾಡುವವರ ಪೆಪ್ಪರ್‌ಮಿಂಟು ಸಿಗೋದು ಇಲ್ಲೇನಾ?" ಎಂದರು. ಅವರ ಹಿಂದೆ ಬಸ್ ಕಂಡಕ್ಟರ್, ಆಮೇಲೆ ತರಕಾರಿ ಕೂಗುವವಳು. ದಿನವಿಡೀ ಗಂಟಲು ಹರಿದುಕೊಳ್ಳುವವರು ಊರಲ್ಲಿ ಇಷ್ಟು ಜನ ಇದ್ದಾರೆಂದು ಮೇಸ್ತ್ರಿಗೆ ಗೊತ್ತೇ ಇರಲಿಲ್ಲ. ಮೂಲೆ ಅಂಗಡಿಯವನು ಅದನ್ನು ತರಿಸಿ ಗಾಜಿನ ಜಾಡಿಗೆ ತುಂಬಿದ.

ಫೋನಿನಲ್ಲಿ ಸುದ್ದಿ ಕೇಳಿ ನಾದಿನಿ ಬಿದ್ದು ಬಿದ್ದು ನಕ್ಕಳು. "ಇಲ್ಲಿ ಔಷಧಿ ಅಂಗಡಿ ಮೂಲೇಲಿ ಧೂಳು ಹಿಡ್ಕೊಂಡು ಬಿದ್ದಿರುತ್ತೆ ಅತ್ತಿಗೆ! ಮಕ್ಕಳೂ ಮೂಸಲ್ಲ!" ಸೊಸೆಯೂ ಮೆಲ್ಲಗೆ ಡಬ್ಬಿಯತ್ತ ಕೈಚಾಚಿದಳು. "ಯಾಕಮ್ಮ, ಮಂಡಿ ನೋವಾ?" ಎಂದಳು ಗುಂಡಿಯಮ್ಮ.

ಹಲಗೆ ಕಿತ್ತು ಗುಡಿಸಿದ ದಿನ ಮೇಸ್ತ್ರಿ ಗೋಲಿಯನ್ನು ತಂದು ಆಕೆಯ ಮೇಜಿನ ಮೇಲಿಟ್ಟ. "ತಗೊಳ್ಳಿ, ನಿಮ್ಮ ಆಸ್ತಿ."

"ಬೇಡಪ್ಪ. ಅದು ಮಾತಾಡಲ್ಲ."

"ಸರಿ ಬಿಡಿ. ಇನ್ಮೇಲೆ ಎಲ್ಲ ಕೋಟಿನ ಒಳಜೇಬಲ್ಲೂ ಒಂದಿರ್ಲಿ. ಹಾಕೋರು ನೀವೇ." ಎರಡು ಹೆಜ್ಜೆ ಹೋಗಿ ತಿರುಗಿದ. "ಈ ಸಲ ಹೇಳಿ ಹಾಕಿ."

ಗುಂಡಿಯಮ್ಮ ಮುಂದಿನ ಕೋಟನ್ನು ಕಿವಿಯ ಹತ್ತಿರ ಹಿಡಿದು ಒದರಿದಳು. ಚರಪರ ಎಂದಿತು. ಜೇಬು ಗಟ್ಟಿಯಾಗಿತ್ತು.