ಅಯ್ಯಪ್ಪನ ಎಡಗಿವಿ

1983ರ ದೀಪಾವಳಿ ಹತ್ತಿರ ಬಂದಾಗ ತಳಕಲ್ಲಿನ ಹುಲಗೆಮ್ಮ ಮಗನನ್ನು ನೋಡಲು ಗಂಗಾವತಿಗೆ ಹೋದಳು. ಗಂಡ ಪಕ್ಕೀರಪ್ಪ ಕುರಿ ಹೊಡೆದುಕೊಂಡು ಹೊಳೆಯಾಚೆ ಹೋಗಿದ್ದ. ಮಗ ಅಯ್ಯಪ್ಪ ಏಳನೆಯ ತರಗತಿ, ಊರ ಹೊರಗಿನ ಕ್ರೈಸ್ತರ ಬೋರ್ಡಿಂಗ್ ಶಾಲೆಯಲ್ಲಿದ್ದ. ಜನ ಅದನ್ನು ‘ಫಾದರ್ ಸಾಲಿ’ ಎನ್ನುತ್ತಿದ್ದರು. ಅಲ್ಲಿ ಕಲಿತವರೆಲ್ಲ ವಕೀಲರು, ಇಂಜಿನಿಯರುಗಳು, ಸಾಹೇಬರು ಆಗುತ್ತಾರೆಂದು ಸೀಮೆಗೆ ಸೀಮೆಯೇ ಹೇಳುತ್ತಿತ್ತು. ಅದನ್ನು ನಂಬಿಯೇ ಅವಳೂ ಮಗನನ್ನು ಅಲ್ಲಿ ಬಿಟ್ಟಿದ್ದಳು.

ಗೇಟಿನ ಬಳಿ ನಿಂತು ಕೂಗಿದಾಗ ಅಯ್ಯಪ್ಪ ಬೇರೆ ಕಡೆಗೇ ತಿರುಗಿ ಹುಡುಕಿದ. ಹತ್ತಿರ ಬಂದ ಮೇಲೆ ನೋಡಿದರೆ ಎಡಗಿವಿಯಲ್ಲಿ ಹತ್ತಿ, ಅದರ ಸುತ್ತ ಕೀವು.

“ಏನಾತೋ ಇದು?”

“ವಾರ್ಡನ್ ಬ್ರದರ್ ಹೊಡದ್ರು. ಓದೂ ಹೊತ್ತಿನ್ಯಾಗ ತೂಕಡಿಸಿದ್ನಿ ಅಂತ ಕಪಾಳಕ್ಕ ಹೊಡದ್ರು. ಅವತ್ತಿಂದ ಈ ಕಡಿ ಏನೂ ಕೇಳವಲ್ದು ಬೇ.”

ಹುಲಗೆಮ್ಮ ನೆಟ್ಟಗೆ ಹೆಡ್‌ಮಾಸ್ಟರ್ ಫಾದರ್ ಕೋಣೆಗೆ ನಡೆದಳು. ಅವರು ಕುರ್ಚಿ ಕೊಟ್ಟರು, ನೀರು ತರಿಸಿದರು, ಎಲ್ಲವನ್ನೂ ಶಾಂತವಾಗಿ ಕೇಳಿಸಿಕೊಂಡರು. ಆಮೇಲೆ ಗೋಡೆಯ ಮೇಲಿನ ಫೋಟೋಗಳ ಕಡೆ ಕೈ ತೋರಿಸಿದರು.

“ಶಿಸ್ತಿಲ್ಲದೆ ಹುಡುಗರು ಮುಂದೆ ಬರುವುದಿಲ್ಲಮ್ಮ. ಇವರೆಲ್ಲ ಅದೇ ಶಿಸ್ತಿನಲ್ಲಿ ಬೆಳೆದವರು. ಡಾಕ್ಟರ್ ಗವಿಸಿದ್ದಪ್ಪನೂ ನಮ್ಮ ಹುಡುಗನೇ. ಅವನಿಗೆ ತೋರಿಸಿ.”

ಗವಿಸಿದ್ದಪ್ಪ ಬ್ಯಾಟರಿಯ ಬೆಳಕು ಬಿಟ್ಟು ಕಿವಿಯೊಳಗೆ ನೋಡಿದ. “ಒಳಗಿನ ಪರದೆ ಹರದೈತಿ. ಕೀವು ನಿಲ್ಲಸಬಹುದು. ಕಿವಿ ಕೇಳೂದಿಲ್ಲ.”

“ಹೊಡದಿದ್ದಕ್ಕ ಹಿಂಗಾಗೈತಿ ಅಂತ ಬರದುಕೊಡ್ರಿ ಸಾಹೇಬ್ರ. ಠಾಣೆಕ್ಕ ಹೋಗ್ತೀನಿ.”

ಅವನು ನಕ್ಕ. “ನಾನೂ ಅಲ್ಲೇ ಕಲ್ತಾಂವ. ಎಷ್ಟು ಏಟು ತಿಂದೀನಿ ಗೊತ್ತೇನು? ಅದಕ್ಕ ಇವತ್ತ ಈ ಖುರ್ಚಿ ಮ್ಯಾಲ ಅದೀನಿ.”

“ನಿಮಗ ಎರಡೂ ಕಿವಿ ಕೇಳ್ತಾವಲ್ರಿ?”

ಅವನ ನಗು ನಿಂತಿತು. ಔಷಧಿಯನ್ನು ಪುಕ್ಕಟೆ ಕೊಟ್ಟ. ಬರೆದು ಮಾತ್ರ ಕೊಡಲಿಲ್ಲ.

ಅವಳು ಠಾಣೆಗೂ ಹೋದಳು. ಫೌಜದಾರ ಅವಳನ್ನು ಕಟ್ಟೆಯ ಮೇಲೆ ಕೂಡಿಸಿ ಒಳಗೆ ಹೋಗಿ ಫೋನು ಮಾಡಿದ. ಸ್ವಲ್ಪ ಹೊತ್ತಿಗೆ ಜೀಪಿನಲ್ಲಿ ಬಂದವನು ಹುಚ್ಚೀರಪ್ಪ. ಅಕ್ಕಿ ಗಿರಣಿಯ ಮಾಲೀಕ, ಹಳೆಯ ವಿದ್ಯಾರ್ಥಿಗಳ ಸಂಘದ ಅಧ್ಯಕ್ಷ. ಅವನನ್ನು ಕಂಡು ಫೌಜದಾರ ಎದ್ದು ನಿಂತ. ಫೌಜದಾರನೂ ಅದೇ ಶಾಲೆಯವನು. ಊರಲ್ಲಿ ಕುರ್ಚಿ ಇದ್ದಲ್ಲೆಲ್ಲ ಅದೇ ಶಾಲೆಯವರು ಕೂತಿದ್ದರು.

“ನೋಡವ್ವ, ಮುಂದಿನ ತಿಂಗಳ ಸಾಲಿ ಬೆಳ್ಳಿಹಬ್ಬ ಐತಿ. ಮಂತ್ರಿಗಳು ಬರಾಕತ್ಯಾರ. ನಿನ್ನ ಮಗನ್ನ ಮ್ಯಾಟ್ರಿಕ್ ತನಕ ಪುಕ್ಕಟೆ ಓದಸ್ತೀವಿ. ಸುಮ್ನ ಮನಿಗೆ ಹೋಗು” ಎಂದ ಹುಚ್ಚೀರಪ್ಪ.

ಹುಲಗೆಮ್ಮ ಮಗನ ಟ್ರಂಕು ಹೊತ್ತುಕೊಂಡು ಅವನನ್ನು ಊರಿಗೆ ಕರೆತಂದಳು. ಕುರಿ ತಿರುಗಿಸಿಕೊಂಡು ಬಂದ ಪಕ್ಕೀರಪ್ಪ ಸಿಟ್ಟಾದ. “ಪುಕ್ಕಟೆ ಓದಸ್ತಾರಂದ್ರ ಅಲ್ಲೇ ಬಿಡಬೇಕಿತ್ತು. ಒಂದು ಕಿವಿ ಛಲೋ ಐತಲ್ಲ!” ಅಯ್ಯಪ್ಪ ಆ ಮಾತನ್ನು ಕೇಳಿಸಿಕೊಂಡು ಎದ್ದು ಹೊರಗೆ ಹೋದ.

ಬೆಳ್ಳಿಹಬ್ಬದ ದಿನ ಅವಳು ಮಗನೊಂದಿಗೆ ಮತ್ತೆ ಗಂಗಾವತಿಗೆ ಬಂದು ಶಾಲೆಯ ಪೆಂಡಾಲಿನಲ್ಲಿ ಹೆಂಗಸರ ನಡುವೆ ಕೂತಳು. ವೇದಿಕೆಯ ಮೇಲೆ ಮಂತ್ರಿಗಳು, ಫಾದರ್, ಡಾಕ್ಟರ್. ಹುಚ್ಚೀರಪ್ಪ ಮೈಕು ಹಿಡಿದು ಬಾಲ್ಯದ ಕಥೆ ತೆಗೆದ. “ನನ್ನ ಬೆನ್ನ ಮ್ಯಾಲ ಬ್ರದರ್ ಬೆತ್ತ ಮುರೀತ್ರಿ. ಹೊಸಾದು ಕಡಕೊಂಬಾ ಅಂತ ನನ್ನ ಕಳಿಸಿದ್ರು!” ವೇದಿಕೆ ನಕ್ಕಿತು, ಪೆಂಡಾಲು ನಕ್ಕಿತು. ನೆಲದ ಮೇಲೆ ಕೂತಿದ್ದ ಬೋರ್ಡಿಂಗ್ ಹುಡುಗರು ಮಾತ್ರ ನಗದೆ ವಾರ್ಡನ್ ಮುಖ ನೋಡಿದರು.

ಹುಲಗೆಮ್ಮ ಎದ್ದು ನಿಂತಳು. “ನಗಬ್ಯಾಡ್ರಿ!”

ಮೈಕಿಲ್ಲದಿದ್ದರೂ ಅವಳ ದನಿ ವೇದಿಕೆ ಮುಟ್ಟಿತು. “ನೀವು ಬಡಿಸ್ಕೊಂಡು ಸಾಹೇಬ್ರಾದ್ರಿ. ನನ್ನ ಮಗ ಕಿವುಡ ಆದ. ಅದನ್ನೂ ಮೈಕಿನ್ಯಾಗ ಹೇಳ್ರಿ! ಅವತ್ತ ನಿಮಗ ನೋವಾಗಿರಲಿಲ್ಲೇನು? ಅತ್ತಿರಲಿಲ್ಲೇನು? ಖುರ್ಚಿ ಸಿಕ್ಕ ಕೂಡ್ಲೆ ಎಲ್ಲಾ ಮರತು ಹೋತೇನು?”

ಇಬ್ಬರು ಸ್ವಯಂಸೇವಕರು ಓಡಿ ಬಂದು ಅವಳ ತೋಳು ಹಿಡಿದರು. ಹಿಂದಿನಿಂದ ಖಾಕಿ ಅಂಗಿಯ ಒಬ್ಬ ಎದ್ದು ನಿಂತ. ಬಸ್ ಡ್ರೈವರ್ ಮಾರೆಪ್ಪ, ಅವನೂ ಅಲ್ಲಿಯೇ ಕಲಿತವನು. ಅವನ ಫೋಟೋ ಗೋಡೆಯ ಮೇಲಿರಲಿಲ್ಲ.

“ಬಿಡ್ರೋ ಆಕಿನ್ನ! ನನ್ನ ಬೆರಳು ಮುರದಿದ್ದೂ ಇಲ್ಲೇ!”

ಯಾರೋ ಬ್ಯಾಂಡಿನವರಿಗೆ ಕೈಸನ್ನೆ ಮಾಡಿದರು. ತುತ್ತೂರಿ, ಡೋಲುಗಳ ಸದ್ದಿನಲ್ಲಿ ಇಬ್ಬರನ್ನೂ ಹೊರಗೆ ತಳ್ಳಿದರು. ಡಾಕ್ಟರ್ ಗವಿಸಿದ್ದಪ್ಪ ತಲೆ ಎತ್ತಲಿಲ್ಲ. ಮರುದಿನದ ಪೇಪರಿನಲ್ಲಿ ಮಂತ್ರಿಗಳ ಭಾಷಣವಷ್ಟೇ ಇತ್ತು.

ಸಂಕ್ರಾಂತಿ ಕಳೆದ ಮೇಲೆ ಫಾದರ್ ತಾವೇ ತಳಕಲ್ಲಿಗೆ ಬಂದರು. ಪಕ್ಕೀರಪ್ಪ ಗಡಿಬಿಡಿಯಿಂದ ಹಾಸಲು ಕಂಬಳಿ ತಂದ. ಫಾದರ್ ನಿಂತೇ ಹೇಳಿದರು: “ಬ್ರದರ್ ಅವರನ್ನು ಬೇರೆ ಕಡೆ ಕಳಿಸಿದ್ದೇವೆ. ಇನ್ನು ಹುಡುಗ ಬರಬಹುದು.”

“ಎಲ್ಲಿಗೆ ಕಳಿಸೀರಿ?” ಹುಲಗೆಮ್ಮ ಕೇಳಿದಳು.

“ನಮ್ಮದೇ ಇನ್ನೊಂದು ಬೋರ್ಡಿಂಗಿಗೆ. ದೂರದ ಊರು.”

“ಅಲ್ಲಿ ಹುಡುಗ್ರಿಲ್ಲೇನ್ರಿ?”

ಪಕ್ಕೀರಪ್ಪ ಹೆಂಡತಿಯ ಮುಖ ನೋಡಿದ, ಮಗನ ಮುಖ ನೋಡಿದ. ಹಾಸಬೇಕೆಂದಿದ್ದ ಕಂಬಳಿಯನ್ನು ಮಡಿಸಿ ಹೆಗಲ ಮೇಲೆ ಹಾಕಿಕೊಂಡು, “ಹುಡುಗ ಬರೂದಿಲ್ರಿ” ಎಂದ.

ಜೂನಿನಲ್ಲಿ ಅಯ್ಯಪ್ಪ ಯಲಬುರ್ಗಾದ ಸರಕಾರಿ ಶಾಲೆ ಸೇರಿದ. ಬ್ರದರನ್ನು ಕಳಿಸಿದ ಆ ಊರು ಯಾವುದೆಂದು ಹುಲಗೆಮ್ಮ ಕಂಡಕಂಡವರನ್ನೆಲ್ಲ ಕೇಳಿದಳು. ಗೊತ್ತಿದ್ದವರು ಯಾರೂ ಹೇಳಲಿಲ್ಲ.