ನೂರ ಇಪ್ಪತ್ತನೆಯ ತಲೆ

ಆಗ ನಮ್ಮ ಹೈಸ್ಕೂಲಿನಲ್ಲಿ ಹುಡುಗಿಯರು ಅರವತ್ತೊಂದು, ಹುಡುಗರು ಐವತ್ತೆಂಟು, ಅವರು ಮನೆಯಲ್ಲಿ ಆಡುವ ಭಾಷೆಗಳು ಹದಿಮೂರು. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಇಪ್ಪತ್ತೆಂಟು ವರ್ಷದಿಂದ ದಾಖಲಾತಿ ಗುಮಾಸ್ತೆ ನಾನೇ. ಒಟ್ಟು ನೂರ ಹತ್ತೊಂಬತ್ತು. ನೂರ ಇಪ್ಪತ್ತು ಮುಟ್ಟದಿದ್ದರೆ ಶಾಲೆ ಮುಚ್ಚಿ, ಮಕ್ಕಳನ್ನು ಎರಡು ಬಸ್ಸು ಬದಲಿಸಿ ಹೋಗಬೇಕಾದ ದೊಡ್ಡ ಶಾಲೆಗೆ ತಳ್ಳುತ್ತಾರಂತೆ. ಮರುದಿನವೇ ಅಧಿಕಾರಿ ತಲೆ ಎಣಿಸಲು ಬರುವವರಿದ್ದರು.

"ನಿಮ್ಮ ತಂಗಿ ಮಗಳ ಹೆಸರು ಬರೆದುಬಿಡಿ ಮೇಡಂ," ಎಂದರು ಹೆಡ್‌ಮಾಸ್ಟರು ಮೆಲ್ಲಗೆ.

"ಅಯ್ಯೋ ಸಾರ್! ನನ್ನ ರಿಜಿಸ್ಟರಲ್ಲಿ ಸುಳ್ಳು ಹೆಸರಾ? ಈ ಜನ್ಮದಲ್ಲಿ ಆಗೋದಿಲ್ಲ."

ಹಾಗೆ ಜಂಬ ಕೊಚ್ಚಿಕೊಂಡ ಮೇಲೆ ಮನಸ್ಸಿಗೆ ಏನೋ ಚುಚ್ಚಿತು. ಹೋದ ವಾರ ಒಬ್ಬ ಹುಡುಗಿಯನ್ನು, ಟಿ.ಸಿ. ಇಲ್ಲವೆಂದು, ನಾನೇ ವಾಪಸ್ ಕಳಿಸಿದ್ದೆ. ಅವಳ ಹಳೆಯ ಶಾಲೆ ಪ್ರವಾಹದಲ್ಲಿ ಕೊಚ್ಚಿಹೋಗಿತ್ತು. ನಿಯಮದ ಪುಸ್ತಕ ತೆಗೆದು ನೋಡಿದರೆ, ಅಂಥವರಿಗೆ ಒಂದು ಸಣ್ಣ ಪರೀಕ್ಷೆ ಸಾಕಂತೆ. ಆ ಪುಟ ನಾನು ಓದಿಯೇ ಇರಲಿಲ್ಲ. ನನ್ನ ಮೇಲೇ ನನಗೆ ಸಿಟ್ಟು ಬಂತು.

ತನ್ನ ಚಿಕ್ಕಮ್ಮನ ಟೈಲರ್ ಅಂಗಡಿ ಸೇತುವೆ ಹಿಂದಿದೆ ಎಂದು ಆ ಹುಡುಗಿ ಅವತ್ತು ಹೇಳಿದ್ದಳು, ಅಲ್ಲಿಗೆ ಓಡಿದೆ. ಹುಡುಗಿ ಅಂಗಿಗೆ ಗುಂಡಿ ಹಾಕುತ್ತಿದ್ದಳು. ಚಿಕ್ಕಮ್ಮ ನನ್ನನ್ನು ಕಂಡದ್ದೇ ಕೆಂಡವಾದಳು.

"ಅವತ್ತು ನಾಯಿ ಓಡಿಸಿದ ಹಾಗೆ ಓಡಿಸಿದ್ರಿ. ಇವತ್ತು ತಲೆ ಕಮ್ಮಿ ಬಿತ್ತಾ?"

"ಹೌದಮ್ಮ, ಕಮ್ಮಿ ಬಿತ್ತು, ಅದಕ್ಕೇ ಬಂದೆ. ಆದ್ರೆ ಅವತ್ತಿನ ತಪ್ಪು ನಂದೇ. ಎಷ್ಟು ಬೇಕೋ ಬೈಯಿರಿ, ಬೈದಾದ ಮೇಲೆ ಮಗೂನ ಕಳಿಸಿಕೊಡಿ."

ಹುಡುಗಿ ಹಲ್ಲಿನಿಂದ ದಾರ ಕಡಿದು ನನ್ನನ್ನೇ ದಿಟ್ಟಿಸಿದಳು. "ನಾನು ಬರದಿದ್ರೆ ಸ್ಕೂಲ್ ಮುಚ್ಚಿಬಿಡ್ತಾರಾ?"

"ಮುಚ್ತಾರೆ."

"ಹಾಗಾದ್ರೆ ಬರ್ತೀನಿ. ಆದ್ರೆ ಪಕ್ಕದ ಬೀದೀಲಿ ನನ್ನ ಹಾಗೇ ಇನ್ನಿಬ್ಬರಿದ್ದಾರೆ. ಅವರನ್ನೂ ಸೇರಿಸ್ಕೋಬೇಕು."

ಎಲಾ ಇವಳ! ನನ್ನ ಜುಟ್ಟು ಹಿಡಿದುಕೊಂಡೇ ಚೌಕಾಸಿ ಮಾಡಿದಳು. ನನಗೆ ಖುಷಿಯೇ ಆಯಿತು.

ಮರುದಿನ ಬೆಳಿಗ್ಗೆ ಎಂಟಕ್ಕೇ ಮೂವರೂ ಪರೀಕ್ಷೆ ಬರೆದು ಪಾಸಾದರು. ಹತ್ತಕ್ಕೆ ಬಂದ ಅಧಿಕಾರಿ ಎರಡು ಸಲ ಎಣಿಸಿದರು. ಎರಡು ಸಲವೂ ನೂರ ಇಪ್ಪತ್ತೆರಡು. ಹೆಡ್‌ಮಾಸ್ಟರ ಮುಖ ಊರಗಲವಾಯಿತು.

ಶಾಲೆ ಬಿಟ್ಟ ಮೇಲೆ ಹುಡುಗಿ ನನ್ನ ಮೇಜಿನ ಬಳಿ ಬಂದಳು. "ಮೇಡಂ, ಇಷ್ಟು ವರ್ಷದಲ್ಲಿ ನಮ್ಮಂಥವರನ್ನ ಎಷ್ಟು ಜನಾನ ವಾಪಸ್ ಕಳಿಸಿದ್ದೀರಿ?"

ಬೀರುವಿನ ಕಡೆ ತಿರುಗಿ ನೋಡಿದೆ. ಸೇರಿದವರ ಹೆಸರುಗಳಿಂದ ಬೀರು ತುಂಬಿತ್ತು. ತಿರುಗಿ ಹೋದವರದ್ದು ಎಲ್ಲೂ ಬರೆದಿರಲಿಲ್ಲ. ನಾಚಿಕೆಯಾಯಿತು.

"ಗೊತ್ತಿಲ್ಲ ಮಗಳೇ," ಎಂದು ಕಚೇರಿಗೆ ಬೀಗ ಹಾಕಿದೆ. "ಈ ವರ್ಷದವರು ನಾಲ್ಕು ಜನ ನೆನಪಿದ್ದಾರೆ. ಮನೆ ನಾನು ತೋರಿಸ್ತೀನಿ, ನಡಿ. ಬಾಗಿಲು ಮಾತ್ರ ನೀನೇ ತಟ್ಟು. ನನ್ನನ್ನ ಕಂಡ್ರೆ ತೆಗೆಯೋದಿಲ್ಲ."